ಊರು ಇನ್ನೂ ಕಾಲಳತೆಯಲ್ಲಿರುವಾಗಲೇ

1935ರಲ್ಲಿ ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಹದಿನೈದು ವರ್ಷದ ಹುಡುಗನೊಬ್ಬ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಹೋದ. ಬಸ್ಸಿಗೆ ಕೈಯಲ್ಲಿ ಕಾಸಿರಲಿಲ್ಲ. ಸುಮಾರು ಎಂಬತ್ತು ಕಿಲೋಮೀಟರು, ಎರಡು ದಿನದ ದಾರಿ. ಆ ಹುಡುಗ ಮುಂದೆ ಭೌತವಿಜ್ಞಾನದ ಮೇಷ್ಟ್ರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ನಮ್ಮೂರಿಗೂ ಒಂದು ನ್ಯಾಷನಲ್ ಕಾಲೇಜು ಬರುವಂತೆ ಮಾಡಿದ ಡಾ. ಎಚ್. ನರಸಿಂಹಯ್ಯನವರು. ಮಕ್ಕಳೇ, ಈ ಕತೆ ನಿಮಗೆ ಗೊತ್ತು. ಕಷ್ಟಪಟ್ಟು ಓದಿ ಎಂದು ಹೇಳಬೇಕಾದಾಗಲೆಲ್ಲ ನಮ್ಮ ಕಡೆಯ ವೇದಿಕೆಗಳಲ್ಲಿ ಇದನ್ನೇ ಹೇಳುತ್ತಾರೆ. ನಾನೂ ಇದೇ ಕತೆ ಹಿಡಿದುಕೊಂಡು ಬಂದಿದ್ದೇನೆ, ಆದರೆ ನನ್ನ ಕಾರಣ ಬೇರೆ. ಆ ಹುಡುಗನ ಛಲ ದೊಡ್ಡದೇ. ಅದರ ಜೊತೆಗೆ ಆ ರಸ್ತೆಯನ್ನೂ ಸ್ವಲ್ಪ ನೆನೆಯಿರಿ. ಎರಡು ದಿನ ತನ್ನ ಮೇಲೆ ನಡೆದ ಹುಡುಗನನ್ನು ಅದು ಕೈಕಾಲು ನೆಟ್ಟಗಿರುವಂತೆ ಊರು ಮುಟ್ಟಿಸಿತು. ಇವತ್ತು ಅದೇ ವಯಸ್ಸಿನ ಮಗುವಿಗೆ, ಬೆಂಗಳೂರಿನ ಮಾತು ಬಿಡಿ, ಹೊಸೂರಿನಿಂದ ಗೌರಿಬಿದನೂರಿಗೆ ನಡೆದುಕೊಂಡು ಹೋಗಿ ಬಾ ಎನ್ನಲು ಯಾವ ತಾಯಿಗೆ ಧೈರ್ಯ ಬಂದೀತು?

ನಿಮಗೆ ಹೇಳಬೇಕೆಂದಿರುವುದು ಇಷ್ಟೇ. ನಮ್ಮ ಊರುಗಳು ಇನ್ನೂ ಚಿಕ್ಕವು. ಗೌರಿಬಿದನೂರಿನ ರೈಲ್ವೆ ಸ್ಟೇಷನ್ನು, ಬಸ್ ಸ್ಟ್ಯಾಂಡು, ಆಸ್ಪತ್ರೆ, ತಾಲ್ಲೂಕು ಕಚೇರಿ, ಶಾಲೆ, ಸಂತೆ, ಯಾವುದೂ ಕಾಲಿಗೆ ಎಟುಕದ ದೂರದಲ್ಲಿಲ್ಲ. ಸೈಕಲ್ಲಿಗಂತೂ ಹತ್ತು ಹದಿನೈದು ನಿಮಿಷದ ಮಾತು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳೂ ಹೆಚ್ಚುಕಡಿಮೆ ಹೀಗೆಯೇ. ಬೆಂಗಳೂರು ಈ ಭಾಗ್ಯವನ್ನು ಕಳೆದುಕೊಂಡು, ಈಗ ಕೋಟಿಗಟ್ಟಲೆ ಸುರಿದು ಅದರ ಚೂರುಪಾರು ಮರಳಿ ಕೊಳ್ಳುತ್ತಿದೆ. ನಮ್ಮಲ್ಲಿ ಅದು ಇನ್ನೂ ಪೂರ್ತಿ ಕೈಬಿಟ್ಟಿಲ್ಲ. ಉಳಿಸಿಕೊಳ್ಳಲು ನಿಮಗಿರುವ ಕಾಲ ಮಾತ್ರ ಬಹಳವಿಲ್ಲ.

ನಮ್ಮ ತೊಂದರೆಯ ಬೇರು ಎಲ್ಲಿದೆ ನೋಡಿ. ಈ ನಾಲ್ಕೂ ಊರುಗಳನ್ನು ಒಂದೇ ರಾಷ್ಟ್ರೀಯ ಹೆದ್ದಾರಿ ಪೋಣಿಸಿಕೊಂಡು ಹೋಗುತ್ತದೆ; ಹಳಬರು ಈಗಲೂ ಅದನ್ನು 234 ಎಂದೇ ಕರೆಯುತ್ತಾರೆ. ಗೌರಿಬಿದನೂರಿಗೆ ಅದರ ಜೊತೆಗೆ ದೊಡ್ಡಬಳ್ಳಾಪುರದಿಂದ ಹಿಂದೂಪುರಕ್ಕೆ ಹೋಗುವ ರಾಜ್ಯ ಹೆದ್ದಾರಿಯೂ ಇದೆ. ಊರಾಚೆ ಹೆದ್ದಾರಿಯಾಗಿದ್ದದ್ದು ಊರೊಳಗೆ ಬಂದೊಡನೆ ಪೇಟೆ ಬೀದಿಯಾಗಬೇಕು. ಬೋರ್ಡಿನ ಮೇಲೆ ಆಗುತ್ತದೆ, ಡ್ರೈವರನ ಕಾಲಿನಲ್ಲಿ ಆಗುವುದಿಲ್ಲ. ಕಲ್ಲು ತುಂಬಿದ ಟಿಪ್ಪರು, ಟೊಮೆಟೊ ಹೊತ್ತ ಕ್ಯಾಂಟರು, ಆಂಧ್ರದ ಕಡೆಯ ಲಾರಿ, ಎಲ್ಲವೂ ಊರಾಚೆಯ ವೇಗವನ್ನೇ ಹಿಡಿದುಕೊಂಡು ಊರೊಳಗೆ ನುಗ್ಗುತ್ತವೆ. ಅದೇ ಹೊತ್ತಿನಲ್ಲಿ ಆ ರಸ್ತೆಯ ಮೇಲೆ ಯಾರಿದ್ದಾರೆ? ಪಾಳಿ ಮುಗಿಸಿ ಬರುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಬೆಂಗಳೂರಿನ ರೈಲು ಹಿಡಿಯಲು ಓಡುವವರು, ಶಿಡ್ಲಘಟ್ಟದಲ್ಲಿ ಬೆಳಕು ಹರಿಯುವ ಮುಂಚೆ ರೇಷ್ಮೆ ರೀಲಿಂಗ್ ಕೆಲಸಕ್ಕೆ ಹೊರಟವರು, ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿದ ಮುದುಕ, ಬೆನ್ನಿಗೆ ಬ್ಯಾಗು ಹೊತ್ತ ಮಕ್ಕಳು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯಿಂದ ಬಸ್ಸಿನಲ್ಲಿ ಬಂದಿಳಿಯುವ ಹೆಂಗಸರೂ ಹೆಚ್ಚಿದ್ದಾರೆ. ಬಸ್ಸಿನಿಂದ ಇಳಿದ ಪ್ರತಿಯೊಬ್ಬರೂ ಆ ಕ್ಷಣದಿಂದ ಪಾದಚಾರಿಯೇ. ಬಸ್ಸಿಗೆ ಟಿಕೆಟ್ ಕೇಳದ ಸರ್ಕಾರ ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆಯವರೆಗಿನ ಕಾಲುದಾರಿಯ ಬಗ್ಗೆ ಯೋಚಿಸಲಿಲ್ಲ.

ಇವರ ಸಾವು ಸುದ್ದಿಯಾಗುವುದಿಲ್ಲ ಅನ್ನುವುದು ನನ್ನನ್ನು ಬಹಳ ಕಾಡುತ್ತದೆ. 2023ರ ಅಕ್ಟೋಬರ್ 26ರ ಬೆಳಗ್ಗೆ ಚಿಕ್ಕಬಳ್ಳಾಪುರದ ಹೊರವಲಯದಲ್ಲಿ, 44ನೇ ಹೆದ್ದಾರಿಯಲ್ಲಿ, ನಿಂತಿದ್ದ ಟ್ಯಾಂಕರಿಗೆ ಟಾಟಾ ಸುಮೋ ಬಡಿದು 13 ಜನ ತೀರಿಕೊಂಡರು. ಇಡೀ ನಾಡು ಮರುಗಿತು, ಮರುಗಲೇಬೇಕಾದದ್ದು. ಆದರೆ ಒಬ್ಬೊಬ್ಬರಾಗಿ, ರಸ್ತೆ ದಾಟುವಾಗ, ರಸ್ತೆ ಬದಿ ನಡೆಯುವಾಗ ಸತ್ತವರಿಗೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಸಿಕ್ಕರೆ ಹೆಚ್ಚು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ 32,825 ಜನ ಯಾವ ವಾಹನದಲ್ಲೂ ಇರಲಿಲ್ಲ, ಕಾಲ ಮೇಲೆ ಇದ್ದವರು. ದಿನಕ್ಕೆ ಸುಮಾರು ತೊಂಬತ್ತು ಜನ. ಇವರಿಗೆ ಹೆಲ್ಮೆಟ್ ಹಾಕಿಕೊಳ್ಳಿ, ಸೀಟ್ ಬೆಲ್ಟ್ ಬಿಗಿದುಕೊಳ್ಳಿ ಎಂದು ಬುದ್ಧಿ ಹೇಳಲೂ ಬರುವುದಿಲ್ಲ. ಇವರನ್ನು ಉಳಿಸುವ ಶಕ್ತಿ ಇರುವುದು ಎರಡರಲ್ಲಿ ಮಾತ್ರ: ವಾಹನ ಓಡಿಸುವವರ ಕಾಲಿನಲ್ಲಿ, ಮತ್ತು ರಸ್ತೆಯ ನಕ್ಷೆ ಬರೆಯುವವರ ಕೈಯಲ್ಲಿ.

ನಾನು ಪಾಠ ಹೇಳಿ ಬದುಕಿದವನು, ಒಂದು ಲೆಕ್ಕ ಮಾಡಿಸದೆ ಬಿಡಲಾರೆ. ರಸ್ತೆ ಹದಿನೈದು ಮೀಟರ್ ಅಗಲ ಎಂದಿಟ್ಟುಕೊಳ್ಳಿ. ಮೊಣಕಾಲು ನೋವಿರುವ ಅಜ್ಜಿ ಸೆಕೆಂಡಿಗೆ 0.8 ಮೀಟರ್ ನಡೆದಾಳು. ದಾಟಲು ಅವಳಿಗೆ ಹತ್ತೊಂಬತ್ತು ಸೆಕೆಂಡ್ ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಅಷ್ಟು ಹೊತ್ತಿನಲ್ಲಿ ಮುನ್ನೂರು ಮೀಟರಿಗೂ ಹೆಚ್ಚು ಬಂದಿರುತ್ತದೆ. ಅಂದರೆ ಅವಳು ಮೊದಲ ಹೆಜ್ಜೆ ಇಡುವಾಗ ಆ ಬೈಕು ಅವಳ ಕಣ್ಣಿಗೇ ಬಿದ್ದಿಲ್ಲ. ಪೊರೆ ಬಂದ ಕಣ್ಣಿಗೆ ಮುನ್ನೂರು ಮೀಟರ್ ದೂರದ ಬೈಕು ಕಾಣುವುದೆಂತು? ಆಮೇಲೆ ನಾವು ಹೇಳುವುದೇನು? "ನೋಡದೆ ಅಡ್ಡ ಬಂದಳು." ಅವಳು ನೋಡಿಯೇ ಬಂದಳು ಕಣ್ರಪ್ಪ. ಅವಳು ನೋಡಿದಾಗ ರಸ್ತೆ ಖಾಲಿಯಿತ್ತು.

ಇದರದೇ ಇನ್ನೊಂದು ಭಾಗ. ಏನೋ ಅಡ್ಡ ಬಂತು ಎಂದು ಮನಸ್ಸಿಗೆ ಹೊಳೆದು ಬ್ರೇಕ್ ಒತ್ತುವುದಕ್ಕೆ ಒಂದು ಸೆಕೆಂಡ್ ಬೇಕು. 30ರ ವೇಗದಲ್ಲಿ ಆ ಒಂದು ಸೆಕೆಂಡಿಗೆ ಗಾಡಿ ಎಂಟು ಮೀಟರ್ ಚಿಲ್ಲರೆ ಹೋಗಿರುತ್ತದೆ, ಬ್ರೇಕ್ ಹಿಡಿದ ಮೇಲೆ ಇನ್ನೊಂದು ಆರು ಮೀಟರಿನಲ್ಲಿ ನಿಲ್ಲುತ್ತದೆ. ಒಟ್ಟು ಹದಿನಾಲ್ಕು ಮೀಟರ್. 60ರ ವೇಗದಲ್ಲಾದರೆ ಬ್ರೇಕ್ ಒತ್ತುವ ಮುಂಚೆಯೇ ಹದಿನೇಳು ಮೀಟರ್ ಮುಗಿದಿರುತ್ತದೆ, ನಿಲ್ಲುವ ಹೊತ್ತಿಗೆ ನಲವತ್ತು. ವೇಗ ಎರಡರಷ್ಟಾದರೆ ಹೊಡೆತದ ಶಕ್ತಿ ನಾಲ್ಕರಷ್ಟು. ಹೈಸ್ಕೂಲಿನ ಪುಸ್ತಕದಲ್ಲಿರುವ ಸೂತ್ರ ಇದು. ಪರೀಕ್ಷೆಗೆ ಬರೆದು ಮರೆತರೆ ನಡೆಯುವುದಿಲ್ಲ. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ದೇಶಗಳು, ಜನ ಮತ್ತು ವಾಹನ ಬೆರೆಯುವ ಬೀದಿಗಳಲ್ಲಿ ವೇಗ ಗಂಟೆಗೆ 30 ಕಿಲೋಮೀಟರಿಗೆ ಮೀರಬಾರದು ಎಂದು ಹೇಳಿದ್ದೂ ಈ ಸೂತ್ರಕ್ಕೆ ಹೊಂದುತ್ತದೆ. ಗೌರಿಬಿದನೂರಿನ ಈ ತುದಿಯಿಂದ ಆ ತುದಿಗೆ 30ರ ಬದಲು 60ರಲ್ಲಿ ಹೋದರೆ ನಿಮಗೆ ಉಳಿಯುವುದು ಎರಡೋ ಮೂರೋ ನಿಮಿಷ. ಹೊಸ ಬೈಕಿನ ಖುಷಿ ನನಗೂ ಅರ್ಥವಾಗುತ್ತದೆ. ಆದರೆ ಪೇಟೆಯೊಳಗೆ 30 ದಾಟುವುದಿಲ್ಲ ಎಂದು ನಿಮಗೆ ನೀವೇ ಮಾತು ಕೊಟ್ಟುಕೊಳ್ಳಿ. ಹೈಸ್ಕೂಲಿನ ತಮ್ಮ ಕೀ ಕೇಳಿದರೆ ಕೊಡಬೇಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಕಾನೂನಿಗೆ ಹೆದರಿ ಅಲ್ಲದಿದ್ದರೂ ಆ ತಮ್ಮನ ಮೇಲಿನ ಅಕ್ಕರೆಗಾದರೂ ಕೊಡಬೇಡಿ. ಯಾರಾದರೂ ಬಿದ್ದಿರುವುದು ಕಂಡರೆ ನಿಲ್ಲಿಸಿ, ಆಸ್ಪತ್ರೆಗೆ ಸೇರಿಸಿ. ಪೊಲೀಸರ ಕಾಟವಾದೀತು ಎಂಬ ಹೆದರಿಕೆ ಬೇಡ. ಸಹಾಯ ಮಾಡಿದವರನ್ನು ಹೆಸರು ಹೇಳು, ಸಾಕ್ಷಿಗೆ ಬಾ ಎಂದು ಬಲವಂತ ಮಾಡುವಂತಿಲ್ಲ ಎಂದು ಅದೇ ಕಾಯ್ದೆಯ ನಿಯಮಗಳಲ್ಲಿದೆ.

ನಿಮ್ಮಲ್ಲಿ ಸಿವಿಲ್ ಓದುವವರಿದ್ದೀರಿ. ನಾಳೆ ನಗರಸಭೆಯಲ್ಲೋ ಲೋಕೋಪಯೋಗಿ ಇಲಾಖೆಯಲ್ಲೋ ಕೂರುತ್ತೀರಿ. ನಿಮಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ನಮ್ಮ ಊರುಗಳಲ್ಲಿ ರಸ್ತೆ ಅಗಲೀಕರಣ ಎಂದರೆ ಮನೆಗಳ ಮುಂಭಾಗ ಒಡೆದು, ಮರ ಉರುಳಿಸಿ, ಡಾಂಬರನ್ನು ಗೋಡೆಯವರೆಗೆ ಎಳೆಯುವುದು ಎಂದಾಗಿದೆ. ಕಡೆಗೆ ಉಳಿದದ್ದು ಚರಂಡಿ. ಅದರ ಮೇಲೆ ಹಾಸಿದ ಚಪ್ಪಡಿಯೇ ಫುಟ್‌ಪಾತು. ಒಂದು ಚಪ್ಪಡಿ ಎದ್ದಿರುತ್ತದೆ, ಒಂದು ಮುರಿದು ಬಾಯಿ ತೆರೆದಿರುತ್ತದೆ, ಮುಂದಿನದರ ಮೇಲೆ ಟ್ರಾನ್ಸ್‌ಫಾರ್ಮರ್ ಕೂತಿರುತ್ತದೆ, ಅದರಾಚೆ ಅಂಗಡಿಯ ಮೆಟ್ಟಿಲು, ಅದರಾಚೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು. ಜನ ಕೆಳಗಿಳಿದು ರಸ್ತೆಯಲ್ಲಿ ನಡೆಯುತ್ತಾರೆ. ನಡೆದರೆ ಬೈಸಿಕೊಳ್ಳುತ್ತಾರೆ. ಫುಟ್‌ಪಾತ್ ಹೇಗಿರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 103ನೇ ಸಂಹಿತೆ ವಿವರವಾಗಿ ಹೇಳುತ್ತದೆ. ಮನೆಗಳಿರುವ ಬೀದಿಯಲ್ಲೂ ಏನೂ ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್, ಅಂದರೆ ಎದುರುಬದುರಾದ ಎರಡು ಗಾಲಿಕುರ್ಚಿಗಳು ಒಂದನ್ನೊಂದು ದಾಟುವಷ್ಟು. ಅಂಗಡಿ ಸಾಲಿನಲ್ಲಿ ಅದಕ್ಕಿಂತ ಹೆಚ್ಚು. ಎತ್ತರ 150 ಮಿಲಿಮೀಟರಿಗೆ ಮೀರಬಾರದು. ನಮ್ಮಲ್ಲಿ ಒಂದೊಂದು ಅಂಗಡಿಯ ಮುಂದೆ ಒಂದೊಂದು ಎತ್ತರ, ಮೊಣಕಾಲಿನ ಮಟ್ಟದ ಕಟ್ಟೆಯೂ ಉಂಟು. ಅದನ್ನು ಹತ್ತಿಳಿಯುವವರು ಯಾರೆಂದು ಕಟ್ಟಿದವರು ಒಮ್ಮೆ ಯೋಚಿಸಿದ್ದರೆ ಹಾಗೆ ಕಟ್ಟುತ್ತಿರಲಿಲ್ಲ.

ಆ ಅಜ್ಜಿಯ ಲೆಕ್ಕಕ್ಕೂ ಉತ್ತರ ಎಂಜಿನಿಯರಿನ ಬಳಿಯೇ ಇದೆ. ಹದಿನೈದು ಮೀಟರ್ ರಸ್ತೆಯ ನಡುವೆ ನಿಂತು ಸುಧಾರಿಸಿಕೊಳ್ಳಲು ಎರಡು ಮೀಟರಿನ ಜಗಲಿಯೊಂದನ್ನು ಕಟ್ಟಿ. ಅವಳು ಒಮ್ಮೆಗೆ ದಾಟಬೇಕಾದದ್ದು ಆರೂವರೆ ಮೀಟರ್ ಆಗುತ್ತದೆ, ನೋಡಬೇಕಾದದ್ದು ಒಂದೇ ದಿಕ್ಕು. ಅದಕ್ಕೆ ಮೇಲ್ಸೇತುವೆ ಬೇಡ, ಕೋಟಿಯೂ ಬೇಡ. ಶಾಲೆಯ ಮುಂದೆ, ಆಸ್ಪತ್ರೆಯ ಮುಂದೆ ದಾಟುವ ಜಾಗವನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿದರೆ ಉಬ್ಬೂ ಅದೇ, ದಾರಿಯೂ ಅದೇ. ಜನ ಕೆಳಗಿಳಿಯುವ ಬದಲು ವಾಹನ ಮೇಲೆ ಹತ್ತಬೇಕಾಗುತ್ತದೆ. ಬಿಳಿ ಬಣ್ಣದ ಪಟ್ಟಿ ಬಳಿದು ಹೋಗುವುದು ಮಾತ್ರ ಕೆಲಸವಲ್ಲ, ಒಂದು ಮಳೆಗಾಲಕ್ಕೆ ಅದು ಅಳಿಸಿಹೋಗುತ್ತದೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಹುಟ್ಟಿದ ಜಿಲ್ಲೆಯ ಎಂಜಿನಿಯರುಗಳು ನೀವು. ಅಳತೆಯಲ್ಲಿ ಒಂದು ಅಂಗುಲ ತಪ್ಪಿದರೂ ಸಹಿಸದವರ ಹೆಸರಿನಲ್ಲಿ ಪ್ರತಿ ಸೆಪ್ಟೆಂಬರ್ 15ರಂದು ಹೂವಿಡುತ್ತೀರಿ. ಫುಟ್‌ಪಾತಿನ ಅಳತೆಯೂ ಅಳತೆಯೇ.

ಫುಟ್‌ಪಾತ್ ತೆರವು ಎಂದೊಡನೆ ಎಲ್ಲರ ಕಣ್ಣು ಹೋಗುವುದು ತಳ್ಳುಗಾಡಿಯವರ ಮೇಲೆ, ಸೊಪ್ಪಿನ ಹೆಂಗಸಿನ ಬುಟ್ಟಿಯ ಮೇಲೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಅವಳ ಬುಟ್ಟಿ ಹಿಡಿಯುವ ಜಾಗವನ್ನೂ ನಿಲ್ಲಿಸಿದ ಒಂದು ಕಾರು ಹಿಡಿಯುವ ಜಾಗವನ್ನೂ ಅಳೆದು ನೋಡಿ. ಅವಳ ಗಿರಾಕಿಗಳೂ ನಡೆದು ಬರುವವರೇ, ರಾತ್ರಿ ಎಂಟರವರೆಗೆ ಅವಳ ದೀಪ ಉರಿಯುವುದರಿಂದಲೇ ಆ ಬೀದಿಯಲ್ಲಿ ಹೆಣ್ಣುಮಕ್ಕಳು ಧೈರ್ಯವಾಗಿ ಓಡಾಡುತ್ತಾರೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರತಿ ಊರಿನಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ನೂರಕ್ಕೆ ನಲವತ್ತು ಜನ ವ್ಯಾಪಾರಿಗಳೇ ಇರಬೇಕು ಎನ್ನುತ್ತದೆ. ಅವರನ್ನು ಕೂರಿಸಿಕೊಂಡು, ಅವರಿಗೂ ಜಾಗ ಬಿಟ್ಟು, ನಡೆಯಲೂ ಜಾಗ ಬಿಟ್ಟು ಗೆರೆ ಎಳೆಯಬಹುದು. ಒಬ್ಬ ಬಡವನಿಗೆ ಜಾಗ ಮಾಡಲು ಇನ್ನೊಬ್ಬ ಬಡವನನ್ನು ಎಬ್ಬಿಸುವುದು ನ್ಯಾಯವಲ್ಲ.

ಇನ್ನು ಸೈಕಲ್ಲು. ನಮ್ಮ ಕಾಲದಲ್ಲಿ ಪುರಸಭೆಗಳು ಸೈಕಲ್ಲಿಗೂ ತೆರಿಗೆ ಕಟ್ಟಿಸಿಕೊಂಡು ತಗಡಿನ ಬಿಲ್ಲೆ ಕೊಡುತ್ತಿದ್ದವು. ಡೈನಮೋ ಇಲ್ಲದೆ ರಾತ್ರಿ ಹೋದರೆ, ಡಬಲ್ಸ್ ಹೋದರೆ ಪೊಲೀಸರು ಹಿಡಿಯುತ್ತಿದ್ದರು. ಸೈಕಲ್ಲು ರಸ್ತೆಯ ಹಕ್ಕುದಾರನಾಗಿತ್ತು, ಅದಕ್ಕೇ ಅದಕ್ಕೆ ನಿಯಮವೂ ಇತ್ತು. 2006-07ರಲ್ಲಿ ನಮ್ಮ ರಾಜ್ಯ ಒಂದು ಒಳ್ಳೆಯ ಕೆಲಸ ಮಾಡಿತು. ಸರ್ಕಾರಿ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಟ್ಟಿತು. ಹಳ್ಳಿಯ ದಾರಿಗಳಲ್ಲಿ ಹೆಣ್ಣುಮಕ್ಕಳು ಸಾಲುಸಾಲಾಗಿ ಸೈಕಲ್ ತುಳಿದುಕೊಂಡು ಹೈಸ್ಕೂಲಿಗೆ ಬರುತ್ತಿದ್ದದ್ದನ್ನು ಕಣ್ಣು ತುಂಬ ನೋಡಿದವನು ನಾನು. ಏಳನೆಯ ಕ್ಲಾಸಿಗೇ ಓದು ಮುಗಿಯಬೇಕಿದ್ದ ಹುಡುಗಿಯರು ಅವರು. ಆದರೆ ಸೈಕಲ್ ಕೊಟ್ಟ ಸರ್ಕಾರ ಅದು ಹೋಗಲು ಒಂದು ಮೀಟರ್ ದಾರಿಯನ್ನೂ ಬಿಡಲಿಲ್ಲ. ಊರ ಹತ್ತಿರ ಬಂದಂತೆ ಆ ಮಕ್ಕಳು ಲಾರಿಯ ಚಕ್ರಕ್ಕೂ ರಸ್ತೆಯಂಚಿನ ಮಣ್ಣಿನ ತಗ್ಗಿಗೂ ನಡುವೆ ಸಿಕ್ಕಿಕೊಳ್ಳುತ್ತಿದ್ದರು. ಕೋವಿಡ್ ಬಂದಾಗ ಸೈಕಲ್ ಕೊಡುವುದೂ ನಿಂತಿತು. ಮತ್ತೆ ಕೊಡಿ ಎಂದು ಕೇಳುವಾಗ ದಾರಿಯನ್ನೂ ಸೇರಿಸಿ ಕೇಳಿ. ಮೈಸೂರಿನಲ್ಲಿ 2017ರ ಜೂನಿನಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ವ್ಯವಸ್ಥೆ ಶುರುವಾಯಿತು, ಒಳ್ಳೆಯದೇ. ನಮಗೆ ಅಷ್ಟು ದೊಡ್ಡದು ಬೇಕಿಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಬೀಗ ಹಾಕಿ ಬಿಡಲು ನೆರಳಿನ ಸ್ಟ್ಯಾಂಡು, ಹೈಸ್ಕೂಲುಗಳ ದಾರಿಯಲ್ಲಿ ಬೇರ್ಪಟ್ಟ ಒಂದು ಪಟ್ಟಿ, ಇಷ್ಟರಿಂದ ಶುರುವಾದರೆ ಸಾಕು.

"ಇದೆಲ್ಲ ಹಾಲೆಂಡಿನಲ್ಲಿ ಆಗುತ್ತೆ, ನಮ್ಮ ಜನಕ್ಕೆ ಆಗಲ್ಲ" ಎಂದು ನಿಮ್ಮಲ್ಲಿ ಕೆಲವರು ಈಗಲೇ ಅಂದುಕೊಂಡಿರುತ್ತೀರಿ. ಹಾಲೆಂಡಿನವರು ಹುಟ್ಟಿನಿಂದ ಹಾಗಿರಲಿಲ್ಲ. ಅವರೂ ಐವತ್ತು ಅರವತ್ತರ ದಶಕದಲ್ಲಿ ಕಾರಿಗಾಗಿ ಊರುಗಳನ್ನು ಒಡೆದರು. 1971ರಲ್ಲಿ ಆ ಚಿಕ್ಕ ದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ಮರುವರ್ಷ ಬರೆದ ಲೇಖನದ ತಲೆಬರಹವೇ ಒಂದು ಚಳವಳಿಯ ಹೆಸರಾಯಿತು: ಮಕ್ಕಳ ಕೊಲೆ ನಿಲ್ಲಿಸಿ. ತಾಯಂದಿರು, ತಂದೆಯರು, ಶಾಲಾ ಮಕ್ಕಳು ಬೀದಿಯಲ್ಲಿ ಕೂತರು. ಸರ್ಕಾರ ಬಗ್ಗಿತು, ರಸ್ತೆಗಳು ಬದಲಾದವು. ಇವತ್ತು ನಾವು ಚಿತ್ರದಲ್ಲಿ ನೋಡಿ ಬೆರಗಾಗುವ ಸೈಕಲ್ ದಾರಿಗಳ ಹಿಂದೆ ಆ ಹೋರಾಟವಿದೆ.

ನಿಮ್ಮ ಕೈಯಲ್ಲೂ ಕಾನೂನಿದೆ. ಕೊಯಮತ್ತೂರಿನ ಮೂಳೆ ಶಸ್ತ್ರವೈದ್ಯ ಡಾ. ಎಸ್. ರಾಜಶೇಖರನ್ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ 2025ರ ಮೇ 14ರಂದು ಕೋರ್ಟು, ನಡೆಯಲು ಸರಿಯಾದ ಫುಟ್‌ಪಾತ್ ಇರುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು, ಅಂಗವಿಕಲರೂ ಬಳಸುವಂತೆ ಅವು ಇರಬೇಕು, ಒತ್ತುವರಿ ತೆಗೆಯಬೇಕು ಎಂದಿತು. ಮೋಟಾರು ವಾಹನ ಕಾಯ್ದೆಯ 198ಎ ಸೆಕ್ಷನ್ ಪ್ರಕಾರ ರಸ್ತೆಯ ವಿನ್ಯಾಸ, ಕಾಮಗಾರಿ, ನಿರ್ವಹಣೆ ಮಾನದಂಡದಂತೆ ಇಲ್ಲದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರರಿಗೆ ಒಂದು ಲಕ್ಷದವರೆಗೆ ದಂಡವಿದೆ. ನಮ್ಮ ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ ನಡೆಯುವವರ, ಸೈಕಲ್ ತುಳಿಯುವವರ ಹಕ್ಕಿಗೆಂದೇ 2022ರಲ್ಲಿ ಒಂದು ಮಸೂದೆಯ ಕರಡು ಮಾಡಿತು. ವರ್ಷಗಳು ಕಳೆದರೂ ಅದು ಕರಡಾಗಿಯೇ ಉಳಿಯಿತು. ನಿಮ್ಮ ಶಾಸಕರನ್ನು ಅದರ ಬಗ್ಗೆ ಕೇಳಿ. ಮತ ಕೇಳಲು ಅವರು ನಡೆದುಕೊಂಡೇ ಬರುತ್ತಾರೆ, ಆಗಲೇ ಕೇಳಿ.

ಕೇಳುವ ಬಗೆಯೊಂದಿದೆ. ಮೊಬೈಲಿನಲ್ಲಿ ಫೋಟೋ ಹಾಕಿ ಬೈದರೆ ಮನಸ್ಸು ಹಗುರಾಗುತ್ತದೆ, ಚಪ್ಪಡಿ ಮಾತ್ರ ಅಲ್ಲೇ ಇರುತ್ತದೆ. ಮೊದಲು ರಸ್ತೆ ಯಾರದೆಂದು ತಿಳಿದುಕೊಳ್ಳಿ. ಹೆದ್ದಾರಿಯ ದೂರನ್ನು ನಗರಸಭೆಗೆ ಕೊಟ್ಟರೆ ಲೋಕೋಪಯೋಗಿಯತ್ತ ಕೈ ತೋರಿಸುತ್ತಾರೆ, ಅವರು ಹೆದ್ದಾರಿ ವಿಭಾಗದತ್ತ ತೋರಿಸುತ್ತಾರೆ. ಮೂವರಿಗೂ ಒಂದೇ ಅರ್ಜಿಯ ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಇನ್ನೊಂದು ಪ್ರತಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಹೋಗಲಿ. ಅರ್ಜಿಯಲ್ಲಿ ಸಿಟ್ಟು ಬೇಡ, ಅಳತೆ ಇರಲಿ: ಇಂಥ ಶಾಲೆಯ ಗೇಟಿನಿಂದ ಇಂಥ ತಿರುವಿನವರೆಗೆ ಇಷ್ಟು ಮೀಟರ್, ಅದರಲ್ಲಿ ನಡೆಯಲು ಬರುವುದು ಇಷ್ಟು, ಬೆಳಗ್ಗೆ ಒಂಬತ್ತರಿಂದ ಹತ್ತರವರೆಗೆ ದಾಟುವ ಮಕ್ಕಳು ಇಷ್ಟು. ಅಂಕಿಯಿರುವ ಅರ್ಜಿಯನ್ನು ಬದಿಗಿಡುವುದು ಅಧಿಕಾರಿಗೂ ಕಷ್ಟ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಊರಿಗೆಲ್ಲ ಒಮ್ಮೆಗೇ ಕೇಳಬೇಡಿ, ಒಂದು ಶಾಲೆಯ ಒಂದು ದಾರಿ ಹಿಡಿಯಿರಿ. ಅದು ಆಯಿತೆಂದರೆ ಪಕ್ಕದ ವಾರ್ಡಿನವರು ತಾವಾಗಿ ಕೇಳುತ್ತಾರೆ. ಕೇಳುವಾಗ ಗಾರ್ಮೆಂಟ್ಸಿನ ಅಕ್ಕಂದಿರನ್ನು, ಗಾಲಿಕುರ್ಚಿಯಲ್ಲಿ ಓಡಾಡುವವರನ್ನು, ಸೊಪ್ಪಿನ ಹೆಂಗಸನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರ ಪರವಾಗಿ ಮಾತಾಡಬೇಡಿ, ಅವರೇ ಮಾತಾಡಲಿ.

ಬಜೆಟ್ಟಿಗೆ ಮುಂಚೆ ನಗರಸಭೆಯವರು ಸಾರ್ವಜನಿಕರ ಸಲಹೆ ಕೇಳುವ ಪೂರ್ವಭಾವಿ ಸಭೆ ಕರೆಯುತ್ತಾರೆ. ಬಹಳ ಜನ ಹೋಗುವುದೇ ಇಲ್ಲ. ಅಷ್ಟರೊಳಗೆ ನಿಮ್ಮ ಒಂದು ದಾರಿಯ ಅಳತೆ ಕಾಗದದ ಮೇಲಿರಲಿ. ಮೂವತ್ತು ಮೀಟರಿನ ಟೇಪು ನನ್ನ ಮನೆಯಲ್ಲಿದೆ. ಬರೆದುಕೊಳ್ಳಲು ಒಬ್ಬರು, ಟೇಪಿನ ಆ ತುದಿ ಹಿಡಿಯಲು ಒಬ್ಬರು ಬಂದರೆ ಸಾಕು, ಈ ತುದಿ ನಾನು ಹಿಡಿಯುತ್ತೇನೆ. ಭಾನುವಾರ ಬೆಳಗ್ಗೆ ಏಳಕ್ಕೆ, ಬಿಸಿಲೇರುವ ಮುಂಚೆ, ಹೈಸ್ಕೂಲಿನ ಗೇಟಿನ ಹತ್ತಿರ ಬನ್ನಿ.